ವಾರಸುದಾರ: ಗೊತ್ತಿಲ್ಲ

ಕಳೆದುಹೋದ ವಸ್ತುಗಳ ಕಚೇರಿಯಲ್ಲಿ ಹದಿನಾಲ್ಕು ವರ್ಷ ಗುಮಾಸ್ತರಾಗಿ ಕುಳಿತವರಿಗೆ ಮನುಷ್ಯಜಾತಿಯ ಮೇಲೆ ಒಂದು ಬಗೆಯ ಅಸಡ್ಡೆ ತಾನಾಗಿಯೇ ಬಂದುಬಿಡುತ್ತದೆ. ಜನ ಬಸ್ಸಿನಲ್ಲಿ ಕೊಡೆ ಬಿಟ್ಟು ಹೋಗುತ್ತಾರೆ, ಅದು ಇರಲಿ. ಕಟ್ಟಿಸಿದ ಹಲ್ಲಿನ ಸೆಟ್ಟು ಬಿಟ್ಟು ಹೋಗುತ್ತಾರೆ. ಒಬ್ಬ ಮಹಾರಾಯ ಒಮ್ಮೆ ಅತ್ತೆಯನ್ನೇ ಬಿಟ್ಟು ಇಳಿದುಹೋಗಿದ್ದ. ಕಂಡಕ್ಟರು ಆಕೆಯನ್ನು ತಂದು ಒಪ್ಪಿಸಿದಾಗ ನಮ್ಮ ಗುಮಾಸ್ತರು ಆಕೆಗೂ ಒಂದು ಚೀಟಿ ಬರೆದು ಬೆಂಚಿನ ಮೇಲೆ ಕೂರಿಸಿದ್ದರು. ‘ಸಂಖ್ಯೆ: ಒಂದು. ಸ್ಥಿತಿ: ಹಳೆಯದು, ಮಾತಾಡುತ್ತಿದೆ.’ ಅಳಿಯನ ಹೆಸರು, ವಿಳಾಸ, ಹುಟ್ಟುಗುಣ ಎಲ್ಲವನ್ನೂ ಆಕೆ ಬೈಗುಳದ ಸಮೇತ ಒದರುತ್ತಿದ್ದರೂ, ಕಡೆಯ ಸಾಲಿನಲ್ಲಿ ನಿಯಮದ ಪ್ರಕಾರ ‘ವಾರಸುದಾರ: ಗೊತ್ತಿಲ್ಲ’ ಎಂದೇ ಬರೆದಿದ್ದರು. ಯಾಕೆಂದರೆ ಆ ಕಚೇರಿಯಲ್ಲಿ ಚೀಟಿ ಎಂದರೆ ಅದು ಹಾಗೆಯೇ ಮುಗಿಯಬೇಕು. ವಾರಸುದಾರ ಗೊತ್ತಿದ್ದರೆ ವಸ್ತು ಅಲ್ಲಿಗೆ ಯಾಕೆ ಬರುತ್ತಿತ್ತು?

ಹೀಗಾಗಿ ಅವರು ವಾಸವಿದ್ದ ಕಟ್ಟಡದಲ್ಲಿ ಅವರಿಗೆ ಚೀಟಿ ಸಾಹೇಬರು ಎಂದು ಹೆಸರು.

ಆ ಕಟ್ಟಡದಲ್ಲಿ ನಾಲ್ಕು ಅಂತಸ್ತು, ಹನ್ನೆರಡು ಮನೆ. ಒಂದೇ ಮೆಟ್ಟಿಲು, ಒಂದೇ ತಾರಸಿ, ಒಂದೇ ನೀರಿನ ತೊಟ್ಟಿ. ಉಳಿದದ್ದೆಲ್ಲ ಹನ್ನೆರಡು ಬಗೆ. ಭಾಷೆಗಳು ಎಂಟು, ಅದರಲ್ಲಿ ಒಂದು ಯಾವುದೆಂದು ಉಳಿದ ಏಳರವರಿಗೂ ತಿಳಿಯದು. ಪ್ರಾರ್ಥನೆಗಳು ಐದು. ಪ್ರಾರ್ಥನೆಯೇ ಇಲ್ಲದ ಮನೆ ಒಂದು, ಅಲ್ಲಿ ಅದೇ ಹೊತ್ತಿಗೆ ಪೇಪರು ಜೋರಾಗಿ ಓದುತ್ತಿದ್ದರು. ಒಬ್ಬರು ಮಲಗುವ ಹೊತ್ತಿಗೆ ಇನ್ನೊಬ್ಬರು ಕೆಲಸಕ್ಕೆ ಹೊರಡುತ್ತಿದ್ದರು. ಮೆಟ್ಟಿಲ ಮೇಲೆ ಎದುರಾದಾಗ ಎಲ್ಲರೂ ತಲೆಯಾಡಿಸುತ್ತಿದ್ದರು. ತಲೆಯಾಡಿಸುವುದು ಒಂದೇ ಎಲ್ಲರಿಗೂ ಬರುತ್ತಿದ್ದ ಭಾಷೆ.

ಇಂಥ ಕಟ್ಟಡಕ್ಕೆ ಒಂದು ಭಾನುವಾರ ಸಾಹೇಬರ ಹೆಂಡತಿಯ ಅಣ್ಣ ಬಂದ. ಬಂದವನೇ ಕುರ್ಚಿಯಲ್ಲಿ ಕೂತು, ಮೇಲೆ ಕೆಳಗೆ ಅಕ್ಕಪಕ್ಕದ ಸದ್ದೆಲ್ಲ ಕೇಳಿಸಿಕೊಂಡು, ಮೂಗು ಮುರಿದ.

“ನಮ್ಮ ಬೀದಿ ನೋಡಿ ಭಾವನೋರೇ, ಆ ತುದಿಯಿಂದ ಈ ತುದಿಗೆ ಎಲ್ಲಾ ನಮ್ಮೋರೇ. ಯಾರು ಸೀನಿದ್ರೂ ನಾಲ್ಕು ಮನೆಯವರು ಬಂದು ಕೇಳ್ತಾರೆ. ಇಲ್ಲಿ ನೀವು ಸತ್ರೂ ಮೂರು ದಿನ ಯಾರಿಗೂ ಗೊತ್ತಾಗಲ್ಲ. ಗೊತ್ತಾದ್ಮೇಲೂ ಯಾವ ಭಾಷೇಲಿ ಅಳಬೇಕು ಅಂತ ಜಗಳ ಆಡ್ತಾರೆ. ಅದಿರ್ಲಿ, ಊರಿಗೆ ಹೋದಾಗ ಮನೆ ಕೀ ಯಾರ ಕೈಲಿ ಕೊಟ್ಟು ಹೋಗ್ತೀರಿ?”

ಸಾಹೇಬರು ಯಾರ ಕೈಯಲ್ಲೂ ಕೊಟ್ಟಿರಲಿಲ್ಲ. ಹಾಗೆಂದು ಭಾವನ ಮುಂದೆ ಒಪ್ಪಿಕೊಂಡರೆ ಮುಂದಿನ ಹತ್ತು ವರ್ಷ ಆ ಮಾತನ್ನು ಮದುವೆ ಮುಂಜಿಗಳಲ್ಲಿ ಕೇಳಬೇಕಾಗುತ್ತಿತ್ತು.

“ನಾವ್ಯಾಕೆ ಕೊಡೋಣ ಭಾವ? ಇಡೀ ಕಟ್ಟಡದ ಕೀಗಳೇ ನಮ್ಮ ಹತ್ರ ಇರ್ತವೆ. ಹನ್ನೊಂದು ಮನೇದೂ! ನಂಬಿಕೆ ಅಂದ್ರೆ ಅದು.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಇಣುಕಿ ಗಂಡನನ್ನು ಒಂದು ಸಲ ನೋಡಿ, ಮತ್ತೆ ಪಾತ್ರೆ ತೊಳೆಯತೊಡಗಿದಳು.

“ಹೌದಾ?” ಅಂದ ಭಾವ. “ಮುಂದಿನ ಭಾನುವಾರ ಬರ್ತೀನಿ. ತೋರಿಸಿ.”

ಸೋಮವಾರ ಸಂಜೆ ಸಾಹೇಬರು ಕಚೇರಿಯಿಂದ ಒಂದು ಹಳೆಯ ರಿಜಿಸ್ಟರು, ಒಂದು ಕಟ್ಟು ಖಾಲಿ ಚೀಟಿ ತಂದರು. ಇಸ್ತ್ರಿ ಅಂಗಿ ಹಾಕಿ, ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡು, ನೆಲದ ಅಂತಸ್ತಿನಿಂದ ಶುರು ಮಾಡಿದರು.

ಮೊದಲ ಬಾಗಿಲು ಬೇಕರಿಯವನದು. ಅವನು ರಾತ್ರಿಯೆಲ್ಲ ಒಲೆಯ ಮುಂದೆ ನಿಂತು ಹಗಲೆಲ್ಲ ಮಲಗುವ ಭಾರಿ ಆಳು. ಒಂದು ಕಣ್ಣು ಮಾತ್ರ ತೆರೆದುಕೊಂಡು ಬಾಗಿಲಿಗೆ ಬಂದ.

“ಕೀ ಯಾಕೆ?”

“ಭದ್ರತೆಗೆ. ನಾಳೆ ನಿಮಗೇನಾದ್ರೂ ಆದ್ರೆ?”

“ನನಗೇನಾಗುತ್ತೆ?”

“ಏನೂ ಆಗಲ್ಲ. ಆದ್ರೆ, ಆದ್ರೆ ಅಂತ.”

ಬೇಕರಿಯವನು ರಿಜಿಸ್ಟರನ್ನು ನೋಡಿದ. ಪೆನ್ಸಿಲನ್ನು ನೋಡಿದ. ಎರಡನೆಯ ಕಣ್ಣೂ ತೆರೆದುಕೊಂಡಿತು. ಒಳಗೆ ಹೋಗಿ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಕೀ ತಂದು ಕೊಟ್ಟ.

“ಇಷ್ಟು ಚಿಕ್ಕದಾ?”

“ಚಿಕ್ಕ ಮನೆ, ಸಾಹೇಬ್ರೇ.”

ಮೊದಲ ಮಹಡಿಯಲ್ಲಿ ದರ್ಜಿ ಅಕ್ಕ ಹೊಲಿಗೆ ನಿಲ್ಲಿಸದೆಯೇ ಕೇಳಿದಳು. “ಸಹಿ ಹಾಕಬೇಕಾ? ಇದು ಮೇಲಿನವರಿಗೆ ಹೋಗುತ್ತಾ?”

“ಮೇಲಿನವರು ಅಂದ್ರೆ?”

“ಅದೇ. ಮೇಲಿನವರು.”

ತಮ್ಮ ಮೇಲೆ ಯಾರಾದರೂ ಇದ್ದಾರೆಂದು ಜನ ಭಾವಿಸುವುದು ಸಾಹೇಬರಿಗೆ ಹಿತವೆನಿಸಿತು. “ಸದ್ಯಕ್ಕೆ ಇಲ್ಲ,” ಎಂದು ಗಂಭೀರವಾಗಿ ಹೇಳಿದರು. ಅಕ್ಕ ಡ್ರಾಯರಿನಲ್ಲಿ ಬಹಳ ಹೊತ್ತು ತಡಕಾಡಿ ಒಂದು ಕೀ ಆರಿಸಿ ಕೊಟ್ಟಳು.

ಎರಡನೆಯ ಮಹಡಿಯಲ್ಲಿ, ಸಾಹೇಬರ ಪಕ್ಕದ ಮನೆಯಲ್ಲಿ, ಬ್ಯಾಂಡಿನಲ್ಲಿ ಟ್ರಂಪೆಟ್ ಊದುವ ಬ್ಯಾಂಡಿನಣ್ಣ. ಅವನು ದರ್ಜಿ ಅಕ್ಕನ ನೆತ್ತಿಯ ಮೇಲೆ ಸರಿಯಾಗಿ ನಿಂತು ಅಭ್ಯಾಸ ಮಾಡುತ್ತಿದ್ದ. ಅವಳು ಕೆಳಗಿನಿಂದ ಪೊರಕೆಯ ಹಿಡಿಯಲ್ಲಿ ಸೂರಿಗೆ ಗುದ್ದುತ್ತಿದ್ದಳು. ಇಬ್ಬರಿಗೂ ಮೂರು ವರ್ಷದಿಂದ ಮಾತಿಲ್ಲ. ಅವನೂ ರಿಜಿಸ್ಟರು ನೋಡಿದ, ಅವನೂ ಒಂದು ಕೀ ಕೊಟ್ಟ. ನಿವೃತ್ತಿಯಾದರೂ ಕೋರ್ಟಿನಿಂದ ಇನ್ನೂ ಮನೆಗೆ ಬರದ ಹಳೆಯ ಬೆಂಚ್ ಗುಮಾಸ್ತ, ಕೋರ್ಟಜ್ಜ, “ಸದರಿ ಕೀಲಿಯನ್ನು ಷರತ್ತುಗಳಿಗೆ ಒಳಪಟ್ಟು ಒಪ್ಪಿಸಿದ್ದೇನೆ, ಬರ್ಕೊಳ್ಳಿ” ಎಂದು ಹೇಳಿ ಕೊಟ್ಟರು.

ಕೊನೆಗೆ ಮೂರನೆಯ ಮಹಡಿ. ಸಾಹೇಬರ ಮನೆಯ ನೇರ ಮೇಲೆ ಆ ಯಾರಿಗೂ ತಿಳಿಯದ ಭಾಷೆಯ ಅಜ್ಜಿ. ಮಗ ಹಡಗಿನಲ್ಲಿ ಕೆಲಸಕ್ಕಿದ್ದು ವರ್ಷಕ್ಕೊಮ್ಮೆ ಬರುವವನು. ಸಾಹೇಬರು ಗಾಳಿಯಲ್ಲಿ ಕೀ ತಿರುಗಿಸಿ ತೋರಿಸಿದರು, ಬಾಗಿಲು ತೋರಿಸಿದರು, ಎದೆ ಮುಟ್ಟಿಕೊಂಡು ‘ನಾನು’ ಅಂದರು, ಕತ್ತು ಓರೆ ಮಾಡಿ ನಾಲಿಗೆ ಹೊರಚಾಚಿ ‘ನೀವು ಸತ್ತರೆ’ ಎಂದು ಸೂಚಿಸಿದರು. ಅಜ್ಜಿ ರಿಜಿಸ್ಟರನ್ನೇ ನೋಡುತ್ತಿದ್ದರು. ಒಳಗೆ ಹೋಗಿ ಪೆಟ್ಟಿಗೆಯ ತಳದಿಂದ ಒಂದು ಗೇಣುದ್ದದ ಕಬ್ಬಿಣದ ಕೀ ತಂದು, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಸಾಹೇಬರು ತಲೆಬಾಗಿ ಸ್ವೀಕರಿಸಿದರು.

ನಾಲ್ಕೇ ಸಂಜೆಯಲ್ಲಿ ಹನ್ನೊಂದು ಕೀ! ಸಾಹೇಬರು ಹಲಗೆಗೆ ಮೊಳೆ ಹೊಡೆದರು. ಊಟದ ಮೇಜಿನ ಮೇಲೆ ಕೀಗಳನ್ನೆಲ್ಲ ಸುರಿದುಕೊಂಡು, ಕನ್ನಡಕ ಒರೆಸಿಕೊಂಡು, ದುಂಡಗಿನ ಅಕ್ಷರದಲ್ಲಿ ಹನ್ನೊಂದು ಚೀಟಿ ಬರೆದು ಕಟ್ಟಿದರು.

ಭಾನುವಾರ ಭಾವ ಬಂದ. ಹಲಗೆಯ ಮುಂದೆ ನಿಂತ. ಅವನ ಮುಖ ಸಪ್ಪಗಾದದ್ದನ್ನು ಸಾಹೇಬರು ಒಂದು ನಿಮಿಷ ಪೂರ್ತಿ ಸವಿದರು. ಆ ನಿಮಿಷ ಮುಗಿದ ಮೇಲೆ ಭಾವ ಹತ್ತಿರ ಬಗ್ಗಿ ಓದಿದ.

“‘ವಸ್ತು: ಕೀ. ಲೋಹ: ಹಿತ್ತಾಳೆ. ಸ್ಥಿತಿ: ಸಾಧಾರಣ. ದೊರೆತ ಸ್ಥಳ: ಮೆಟ್ಟಿಲು. ವಾರಸುದಾರ: ಗೊತ್ತಿಲ್ಲ.’”

ಎರಡನೆಯದನ್ನು ಓದಿದ. “‘ವಾರಸುದಾರ: ಗೊತ್ತಿಲ್ಲ.’” ಮೂರನೆಯದು. ನಾಲ್ಕನೆಯದು. ಹನ್ನೊಂದನ್ನೂ ಗಟ್ಟಿಯಾಗಿ ಓದಿದ. ಅವನ ಮುಖಕ್ಕೆ ಹೋದ ಕಳೆ ಮರಳಿ ಬಂದಿತು.

ರಿಜಿಸ್ಟರು ತೆಗೆದು ನೋಡಿದರೆ ಅಲ್ಲೂ ಅದೇ ಬರಹ. ಹದಿನಾಲ್ಕು ವರ್ಷ ಬರೆದ ಕೈ. ತಲೆಯನ್ನು ಕೇಳದೆಯೇ ಬರೆದುಬಿಟ್ಟಿತ್ತು.

“ಅದು ಬೇಕೂಂತಲೇ ಬರೆದಿದ್ದು ಭಾವ,” ಅಂದರು ಸಾಹೇಬರು. “ಕಳ್ಳ ಬಂದ್ರೆ ಯಾವ ಕೀ ಯಾವ ಮನೇದು ಅಂತ ಗೊತ್ತಾಗಬಾರದು.”

“ಕಳ್ಳನಿಗೆ ಗೊತ್ತಾಗಲ್ಲ, ಸರಿ. ನಿಮಗೆ?”

“ಬಾಯಿಪಾಠ!”

ಬಾಯಿಪಾಠದಲ್ಲಿ ಇದ್ದದ್ದು ಎರಡೇ. ಉಗುರಿನಷ್ಟಿದ್ದದ್ದು ಬೇಕರಿಯವನದು, ಗೇಣುದ್ದದ್ದು ಅಜ್ಜಿಯದು. ನಡುವಿನ ಒಂಬತ್ತು ಕೀಗಳು ಒಂದೇ ತಾಯಿಯ ಮಕ್ಕಳಂತೆ ತೂಗುತ್ತಿದ್ದವು.

ಹೆಂಡತಿ ಅಣ್ಣನನ್ನು ಕಳಿಸಿ ಬಂದು ಹೇಳಿದಳು. “ಹೋಗಿ ಎಲ್ಲರನ್ನೂ ಕೇಳ್ರೀ. ನಿಮ್ಮ ಕೀ ಯಾವುದು ಅಂತ. ಅದರಲ್ಲೇನಿದೆ?”

“ಏನಿದೆಯಾ? ಭದ್ರವಾಗಿ ಇಡ್ತೀನಿ ಅಂತ ಹೇಳಿ ತಂದು, ವಾರಕ್ಕೇ ಗುರುತು ಮರೆತೋಯ್ತು ಅನ್ನಲಾ? ಮರ್ಯಾದೆ ಬೇಡ್ವಾ? ಒಂದೊಂದಾಗಿ ಬಾಗಿಲಿಗೆ ಹಾಕಿ ನೋಡ್ತೀನಿ. ಯಾರಿಗೂ ಗೊತ್ತಾಗಲ್ಲ.”

“ಯಾರಿಗೂ ಗೊತ್ತಾಗದ ಹಾಗೆ ಜನರ ಬಾಗಿಲಿಗೆ ಕೀ ಹಾಕೋರಿಗೆ ಏನಂತಾರೆ, ಗೊತ್ತಾ?” ಅಂದಳು ಹೆಂಡತಿ. ಸಾಹೇಬರು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಾರನೆಯ ದಿನ ಅರ್ಧ ದಿನ ರಜೆ ಹಾಕಿ, ಹನ್ನೊಂದು ಕೀಗಳನ್ನೂ ಜೇಬಿಗಿಳಿಸಿ, ಮಧ್ಯಾಹ್ನ ಎರಡಕ್ಕೆ ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದರು. ಎಂಟು ವರ್ಷದಿಂದ ಆ ಕಟ್ಟಡದಲ್ಲಿದ್ದರೂ ಬೇರೆಯವರ ಬಾಗಿಲಿಗೆ ಕಿವಿ ಹಚ್ಚುವ ಪ್ರಸಂಗ ಅವರಿಗೆ ಬಂದಿರಲಿಲ್ಲ. ಈಗ ಒಳಗೆ ಜನ ಇದ್ದಾರೋ ಇಲ್ಲವೋ ತಿಳಿಯಲು ಹಚ್ಚಲೇಬೇಕಾಯಿತು.

ಹಚ್ಚಿದವರು ಬೆರಗಾಗಿ ನಿಂತುಬಿಟ್ಟರು. ಒಂದು ಮನೆಯಲ್ಲಿ ಯಾರೋ ಒಬ್ಬರೇ ಲೆಕ್ಕವಿಟ್ಟುಕೊಂಡು ಉಸಿರೆಳೆದು ಬಿಡುತ್ತಿದ್ದರು. ಇನ್ನೊಂದರಲ್ಲಿ ಒಬ್ಬ ಮುದುಕ ರೇಡಿಯೋಗೆ ಎದುರು ಮಾತಾಡುತ್ತಿದ್ದ. ಮತ್ತೊಂದರಲ್ಲಿ ಗಂಡ ಹೆಂಡತಿ ಎರಡು ಬೇರೆ ಬೇರೆ ಭಾಷೆಗಳಲ್ಲಿ ಜಗಳವಾಡುತ್ತಿದ್ದರು. ತಮಾಷೆಯೆಂದರೆ ಅವನು ಅವಳ ಭಾಷೆಯಲ್ಲಿ ಬೈಯುತ್ತಿದ್ದ, ಅವಳು ಅವನದರಲ್ಲಿ. ಒಂದು ಇಂಚು ದಪ್ಪದ ಹಲಗೆಯ ಆಚೆಗೆ ಇಷ್ಟೆಲ್ಲ ನಡೆಯುತ್ತದೆಂದು, ತಾವು ದಿನಾ ಈ ಬಾಗಿಲುಗಳ ಮುಂದೆ ಟಿಫಿನ್ ಡಬ್ಬಿ ಅಲ್ಲಾಡಿಸಿಕೊಂಡು ಇಳಿಯುತ್ತಿದ್ದೆವೆಂದು ನೆನೆದು ಸಾಹೇಬರಿಗೆ ಮೈ ಜುಮ್ಮೆಂದಿತು. ಯಾವುದೋ ದೊಡ್ಡ ಯಂತ್ರದ ಹೊಟ್ಟೆಯೊಳಗೆ ನಿಂತ ಹಾಗಾಯಿತು.

ಬೇಕರಿಯವನ ಬಾಗಿಲಿಗೆ ಬಂದು ಉಗುರಿನಷ್ಟಿದ್ದ ಕೀ ತೂರಿಸಿದರು. ಅದು ಬೀಗದ ತೂತಿನೊಳಗೆ ಬಾವಿಗೆ ಬಿದ್ದ ಚೆಂಬಿನಂತೆ ಹೋಗಿಬಿಟ್ಟಿತು. ಚೀಟಿ ಮಾತ್ರ ಹೊರಗೆ ತೂಗಾಡುತ್ತಿತ್ತು. ಸಾಹೇಬರು ಚೀಟಿ ಹಿಡಿದು ಜಗ್ಗುತ್ತಿರುವಾಗ ಬಾಗಿಲು ತೆರೆದುಕೊಂಡಿತು.

“ಏನು ಮಾಡ್ತಿದೀರಿ?”

“ಬಾಗಿಲು... ಬಾಗಿಲು ಗಟ್ಟಿಯಾಗಿದೆಯಾ ಅಂತ ನೋಡ್ತಿದ್ದೆ.”

“ಗಟ್ಟಿಯಾಗಿದೆಯಾ?”

“ಬಹಳ ಗಟ್ಟಿ. ನಿದ್ದೆ ಮಾಡಿ.”

ವಾರವಿಡೀ ಇದೇ ಆಯಿತು. ದರ್ಜಿ ಅಕ್ಕನ ಬಾಗಿಲಿಗೆ ಐದು ಕೀ ಹಾಕಿದರು, ಆರನೆಯದಕ್ಕೆ ಆಕೆಯೇ ಕತ್ತರಿ ಹಿಡಿದು ಎದುರು ನಿಂತಳು. ಕೋರ್ಟಜ್ಜನ ಬಾಗಿಲಿಗೆ ಒಂಬತ್ತು. ಹಗಲು ಮನೆಯಲ್ಲಿ ಯಾರೂ ಇಲ್ಲದ ನಾಲ್ಕು ಬಾಗಿಲುಗಳಿಗೆ ಹನ್ನೊಂದನ್ನೂ ಹಾಕಿ ನೋಡಿದರು. ಒಂದೇ ಒಂದು ಬಾಗಿಲಾದರೂ ತೆರೆಯಬೇಕಲ್ಲ? ಊಹೂಂ. ಕೊನೆಗೆ ಸಾಹೇಬರಿಗೆ ತಮ್ಮ ತಲೆಯ ಮೇಲೆಯೇ ಅನುಮಾನ ಬಂತು. ಕಚೇರಿಯ ಯಾವುದೋ ಕೀಗಳನ್ನು ಇಲ್ಲಿ ತಂದೆನೋ, ಇಲ್ಲಿಯವನ್ನು ಯಾವುದೋ ಪ್ರಯಾಣಿಕನಿಗೆ ಸಹಿ ಹಾಕಿಸಿಕೊಂಡು ಕೊಟ್ಟುಬಿಟ್ಟೆನೋ ಎಂದು ಅನ್ನ ಸೇರದಾಯಿತು.

ಕಟ್ಟಡದಲ್ಲಿ ಅಷ್ಟರಲ್ಲಿ ಗುಸುಗುಸು ಹಬ್ಬಿತ್ತು. ನೆಲದ ಅಂತಸ್ತಿನಲ್ಲಿ ಸಾಹೇಬರು ಕಳ್ಳರಾಗಿದ್ದರು. ಮೊದಲ ಮಹಡಿಗೆ ಏರುವಷ್ಟರಲ್ಲಿ, ಎಲ್ಲರನ್ನೂ ಖಾಲಿ ಮಾಡಿಸಲು ಮಾಲೀಕ ನೇಮಿಸಿದ ಗೂಢಚಾರರಾದರು. ಎರಡನೆಯ ಮಹಡಿಯಲ್ಲಿ ಅವರಿಗೆ ಹುಚ್ಚು. ವಿಶೇಷವೆಂದರೆ, ಒಬ್ಬರ ಮಾತು ಒಬ್ಬರಿಗೆ ಅರ್ಥವಾಗದ ಆ ಎಂಟು ಭಾಷೆಯವರಲ್ಲಿ ಈ ಸುದ್ದಿ ಮಾತ್ರ ಒಂದಕ್ಷರ ತಪ್ಪದೆ ಹರಡಿತು.

ಮುಂದಿನ ಭಾನುವಾರ ಮಧ್ಯಾಹ್ನ ಎರಡನೆಯ ಮಹಡಿಯಲ್ಲಿ, ಸಾಹೇಬರ ಬಾಗಿಲ ಮುಂದೆಯೇ ಪಂಚಾಯಿತಿ ಸೇರಿತು. ಕೋರ್ಟಜ್ಜ ಮನೆಯಿಂದ ಕುರ್ಚಿ ತರಿಸಿಕೊಂಡು ಕೂತರು. ಉಳಿದವರು ಮೆಟ್ಟಿಲ ಮೇಲೆ. ಭಾವನೂ ಬಂದಿದ್ದ, ಅವನೇ ಉತ್ಸಾಹದಿಂದ ಹಲಗೆಯನ್ನು ಹೊರಗೆ ಎತ್ತಿ ತಂದು ಗೋಡೆಗೆ ಒರಗಿಸಿದ.

“ಆಪಾದಿತರು ಮುಂದೆ ಬರಬೇಕು,” ಅಂದರು ಕೋರ್ಟಜ್ಜ.

“ನಾನು ಮುಂದೇನೇ ಇದೀನಲ್ಲ ಅಜ್ಜ. ಇದು ನನ್ನ ಬಾಗಿಲು.”

“ಅದು ಯಾರ ಬಾಗಿಲು ಅನ್ನೋದೇ ಈಗ ಪ್ರಶ್ನೆ. ತಾವು ಕಳೆದ ಬುಧವಾರ ಮಧ್ಯಾಹ್ನ ಎರಡೂ ಇಪ್ಪತ್ತಕ್ಕೆ ನನ್ನ ಬಾಗಿಲಿಗೆ ಒಂಬತ್ತು ಕೀ ಹಾಕಿದ್ದು ಹೌದೋ ಅಲ್ವೋ?”

“ನೀವು ಒಳಗೇ ಇದ್ರಾ?”

“ಇದ್ದೆ. ಎಣಿಸ್ತಾ ಇದ್ದೆ.”

“ನನ್ನ ಬಾಗಿಲಿಗೆ ಐದು,” ಅಂದಳು ದರ್ಜಿ ಅಕ್ಕ.

“ಅವಳನ್ನ ಕೇಳಿ, ಬರೀ ಐದೇನಾ ಅಂತ,” ಅಂದ ಬ್ಯಾಂಡಿನಣ್ಣ, ಅಕ್ಕನ ಕಡೆ ನೋಡದೆ.

“ಅವನಿಗೆ ಹೇಳಿ, ತಾಳ ಲೆಕ್ಕ ಹಾಕೋಕೆ ಬರದವರು ಬೇರೆಯವರ ಲೆಕ್ಕ ಕೇಳಬಾರದು ಅಂತ,” ಅಂದಳು ಅಕ್ಕ, ಗೋಡೆಯ ಕಡೆ ನೋಡಿಕೊಂಡು.

“ನಿಶ್ಶಬ್ದ!” ಕೋರ್ಟಜ್ಜ ಮೊಣಕಾಲಿಗೆ ಕೈ ಬಡಿದರು. ಆಮೇಲೆ ಕಾಲ ಕೆಳಗೆ ನೋಡಿಕೊಂಡರು. “ಇದೇನು ನ್ಯಾಯಾಲಯದಲ್ಲಿ ನೀರು?”

ಮೂರನೆಯ ಮಹಡಿಯಿಂದ ನೀರು ಬರುತ್ತಿತ್ತು. ಮೆಟ್ಟಿಲು ಮೆಟ್ಟಿಲಾಗಿ, ಅವಸರವಿಲ್ಲದೆ, ಪಂಚಾಯಿತಿಗೆ ತಾನೂ ಬಂದಂತೆ ಇಳಿದು ಬಂದು, ಅಜ್ಜನ ಕುರ್ಚಿಯನ್ನು ಬಳಸಿ ಮುಂದೆ ಹೋಯಿತು. ಎಲ್ಲರೂ ಒಂದೇ ಸಲ ಮೇಲೆ ನೋಡಿದರು. ಹನ್ನೆರಡು ಮನೆಯಲ್ಲಿ ಹನ್ನೊಂದು ಮನೆಯ ಜನ ಅಲ್ಲಿದ್ದರು. ಇಲ್ಲದವರು ಒಬ್ಬರೇ.

ಓಡಿದರು. ಅಜ್ಜಿಯ ಬಾಗಿಲ ಅಡಿಯಿಂದ ನೀರು ಉಕ್ಕುತ್ತಿತ್ತು. ಬೇಕರಿಯವನು ಬಾಗಿಲು ಬಡಿದ. ಬ್ಯಾಂಡಿನಣ್ಣ ಕೂಗಿದ. ಕೋರ್ಟಜ್ಜ ನಿಯಮದ ಪ್ರಕಾರ ಮೂರು ಸಲ ಕರೆದರು. ಒಳಗಿನಿಂದ ನಲ್ಲಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

“ಚೀಟಿ ಸಾಹೇಬ್ರ ಹತ್ರ ಕೀ ಇದೆ!” ಎಂದು ಯಾರೋ ಕೂಗಿದರು. ಹತ್ತು ನಿಮಿಷದ ಹಿಂದೆ ಕಳ್ಳರಾಗಿದ್ದ ಸಾಹೇಬರಿಗೆ ಜನ ದಾರಿ ಬಿಟ್ಟುಕೊಟ್ಟರು. ಭಾವ ಹಲಗೆ ಎತ್ತಿಕೊಂಡು ಓಡಿಬಂದ.

ಸಾಹೇಬರು ಗೇಣುದ್ದದ ಕೀ ತೆಗೆದು ಬೀಗಕ್ಕೆ ಒಡ್ಡಿದರು. ಇಲಿಯ ಬಿಲಕ್ಕೆ ಆನೆ ಸೊಂಡಿಲು ಚಾಚಿದ ಹಾಗಾಯಿತು. ಎರಡನೆಯ ಕೀ ಹಾಕಿದರು. ಮೂರನೆಯದು. ನೀರು ಅವರ ಪಾದದ ಮೇಲೆ ಹರಿಯುತ್ತಿತ್ತು. ಹತ್ತನೆಯದಕ್ಕೆ ಬಂದಾಗ ಅವರ ದನಿ ಒಡೆಯಿತು.

“ಯಾವುದು ಯಾರದು ಅಂತ ನನಗೆ ಗೊತ್ತಿಲ್ಲ. ಬರೆಯೋಕೆ ಮರೆತೆ. ಅದಕ್ಕೇ ನಿಮ್ಮ ಬಾಗಿಲಿಗೆಲ್ಲ ಹಾಕಿ ನೋಡ್ತಿದ್ದೆ. ಕಳ್ಳತನಕ್ಕಲ್ಲ. ಅಜ್ಜಿ ಕೀ ನನ್ನ ಕೈಲಿ ಎಲ್ಲೋ ಕಳೆದುಹೋಗಿದೆ. ನನ್ನ ಕೈಲೇ ಹೋಯ್ತು...”

ಎಲ್ಲರೂ ನೆಲ ನೋಡಿದರು. ಸಾಹೇಬರು ಅದನ್ನು ತಮ್ಮ ಮೇಲಿನ ಅಸಹ್ಯ ಎಂದು ತಿಳಿದರು.

“ದಾರಿ ಬಿಡಿ,” ಎಂದಿತು ಹಿಂದಿನಿಂದ ಒಂದು ದನಿ.

ಸಾಹೇಬರ ಹೆಂಡತಿ. ಸೀರೆಯ ಅಂಚು ಎತ್ತಿ ಸಿಕ್ಕಿಸಿಕೊಂಡು ಮೇಲೆ ಬಂದಳು. ಕೈಯಲ್ಲಿ ಒಂದು ಕೀ. ಅದಕ್ಕೆ ಚೀಟಿ ಇರಲಿಲ್ಲ, ಒಂದಿಷ್ಟು ಬೇಳೆಯ ಹೊಟ್ಟು ಅಂಟಿಕೊಂಡಿತ್ತು. ಬೀಗಕ್ಕೆ ಹಾಕಿ ತಿರುಗಿಸಿದಳು. ಟಕ್ಕೆಂದು ಬಾಗಿಲು ತೆರೆಯಿತು.

ಅಜ್ಜಿ ಬಚ್ಚಲಿನ ನೆಲದಲ್ಲಿ ಬಿದ್ದಿದ್ದರು. ಕಾಲು ಅಡ್ಡಾದಿಡ್ಡಿ ಮಡಚಿಕೊಂಡಿತ್ತು. ಒಗೆಯಲು ಹಾಕಿದ ಬಟ್ಟೆ ಜಾರಿ ನೀರು ಹೋಗುವ ತೂತನ್ನು ಮುಚ್ಚಿತ್ತು. ಕಣ್ಣು ಮಾತ್ರ ಚುರುಕಾಗಿ ತೆರೆದಿತ್ತು. ಕೂಗಿ ಕೂಗಿ ದನಿ ಹೋಗಿತ್ತು. ಆಕೆ ಕೂಗುತ್ತಿದ್ದಾಗ ಕೆಳಗೆ ಪಂಚಾಯಿತಿ ನಡೆಯುತ್ತಿತ್ತು.

ಆಮೇಲೆ ನಡೆದದ್ದನ್ನು ಸಾಹೇಬರು ಬಾಯಿ ತೆರೆದುಕೊಂಡು ನೋಡಿದರು. ಯಾರೂ ಯಾರಿಗೂ ಏನೂ ಹೇಳಲಿಲ್ಲ. ದರ್ಜಿ ಅಕ್ಕ ಕತ್ತರಿಯಿಂದ ಒದ್ದೆ ಬಟ್ಟೆ ಸೀಳಿ, ಅಳತೆಗೋಲನ್ನು ಅಜ್ಜಿಯ ಕಾಲಿಗೆ ಕಟ್ಟಿದಳು. ಗಂಟು ಹಾಕುವಾಗ ಬೆರಳಿಡಲು ಬ್ಯಾಂಡಿನಣ್ಣನ ಕೈ ಅಲ್ಲಿತ್ತು. ಬೇಕರಿಯವನು ನೂರು ಕೆಜಿ ಹಿಟ್ಟು ಎತ್ತುವ ತೋಳಿನಲ್ಲಿ ಅಜ್ಜಿಯನ್ನು ಹೂವಿನಂತೆ ಎತ್ತಿ, ಕೆಳಗಿನಿಂದ ತಂದ ಕೋರ್ಟಜ್ಜನ ಕುರ್ಚಿಯಲ್ಲಿ ಕೂರಿಸಿದ. ಎರಡು ಭಾಷೆಯಲ್ಲಿ ಜಗಳವಾಡುವ ಗಂಡ ಹೆಂಡತಿ ಒಂದೇ ಭಾಷೆಯಲ್ಲಿ ಆಸ್ಪತ್ರೆಗೆ ಫೋನು ಮಾಡಿದರು. ಯಾರೋ ನಲ್ಲಿ ನಿಲ್ಲಿಸಿದರು, ಯಾರೋ ನೀರು ಬಳಿದರು. ಸಾಹೇಬರಿಗೆ ತಾವು ಎಂಟು ವರ್ಷ ಯಾವ ಕಟ್ಟಡದಲ್ಲಿ ವಾಸವಿದ್ದೆವು ಎಂಬುದೇ ಅನುಮಾನವಾಯಿತು. ಭಾವ ಹಲಗೆಯನ್ನು ಎದೆಗವುಚಿಕೊಂಡು ಗೋಡೆಗೆ ಅಂಟಿ ನಿಂತಿದ್ದ.

ಕುರ್ಚಿಯನ್ನು ಎರಡನೆಯ ಮಹಡಿಗೆ ಇಳಿಸಿ ಆಂಬ್ಯುಲೆನ್ಸಿಗೆ ಕಾಯುತ್ತಾ ನಿಂತರು. ಆಗ ಸಾಹೇಬರು ಹೆಂಡತಿಯ ಹತ್ತಿರ ಸರಿದು ಕೇಳಿದರು.

“ಆ ಕೀ ನಿನ್ನ ಹತ್ರ ಹೇಗೆ ಬಂತು?”

“ಎರಡು ವರ್ಷದಿಂದ ಬೇಳೆ ಡಬ್ಬೀಲಿದೆ. ತಾರಸಿ ಮೇಲೆ ಬಟ್ಟೆ ಹಾಕೋವಾಗ ದಿನಾ ಮಾತಾಡ್ತೀವಲ್ಲ.”

“ಮಾತಾ? ಅವರ ಭಾಷೆ ನಿನಗೆ ಅರ್ಥ ಆಗುತ್ತಾ?”

“ಇಷ್ಟು ವರ್ಷದಿಂದ ನಿಮ್ಮ ಜೊತೆ ಒಂದೇ ಭಾಷೇಲಿ ಮಾತಾಡ್ತಿದೀನಿ. ಏನರ್ಥ ಆಗಿದೆ ಹೇಳಿ?”

“ಮತ್ತೆ ಅಜ್ಜಿ ನನಗೆ ಕೊಟ್ಟದ್ದು ಯಾವ ಕೀ?”

ಬೇಕರಿಯವನು ಕೆಮ್ಮಿದ. “ಸಾಹೇಬ್ರೇ, ತಪ್ಪು ತಿಳ್ಕೋಬೇಡಿ. ನಾನು ಕೊಟ್ಟಿದ್ದು ಸೂಟ್‌ಕೇಸ್ ಕೀ.”

“ಏನು?”

“ನಂದು ಹಳೇ ಮಿಷನ್ ಡ್ರಾಯರಿಂದು,” ಅಂದಳು ದರ್ಜಿ ಅಕ್ಕ.

“ನಂದು ಟ್ರಂಪೆಟ್ ಪೆಟ್ಟಿಗೇದು,” ಅಂದ ಬ್ಯಾಂಡಿನಣ್ಣ.

ಕೋರ್ಟಜ್ಜ ಎಲ್ಲರಿಗಿಂತ ಹೆಚ್ಚು ಹೊತ್ತು ಗಂಟಲು ಸರಿಮಾಡಿಕೊಂಡರು. “ಸದರಿ ಕೀಲಿ ಮೂರನೇ ಕೋರ್ಟ್ ಹಾಲಿನ ಬೀರುವಿಂದು. ನಿವೃತ್ತಿ ದಿನ ವಾಪಸ್ ಕೊಡೋದು ಮರೆತುಹೋಗಿತ್ತು. ಇದು ದಾಖಲೆಗೆ ಹೋಗಬಾರದು.”

ಒಬ್ಬೊಬ್ಬರೇ ಒಪ್ಪಿಕೊಂಡರು. ಸೈಕಲ್ಲಿನದು, ಟ್ರಂಕಿನದು, ಎಂದೋ ಬಿಟ್ಟ ಬಾಡಿಗೆ ಮನೆಯದು. ಹನ್ನೊಂದರಲ್ಲಿ ಒಂದೂ ಆ ಕಟ್ಟಡದ ಬಾಗಿಲಿನದಲ್ಲ.

“ಹನ್ನೊಂದು ಜನಾನೂ ಸುಳ್ಳು ಕೀನಾ?” ಸಾಹೇಬರು ಮೆಟ್ಟಿಲ ಮೇಲೆ ಕುಸಿದು ಕೂತರು. “ಎಲ್ಲಾ ಸೇರಿ ಮಾತಾಡ್ಕೊಂಡು ಮಾಡಿದ್ರಾ?”

“ಮಾತಾಡ್ಕೊಳ್ಳೋಕೆ ನಮಗೆ ಒಬ್ಬರ ಭಾಷೆ ಒಬ್ಬರಿಗೆ ಬರುತ್ತಾ?” ಅಂದಳು ದರ್ಜಿ ಅಕ್ಕ. “ನೀವು ರಿಜಿಸ್ಟರ್ ಹಿಡ್ಕೊಂಡು ಬಂದ್ರಲ್ಲ ಸಾಹೇಬ್ರೇ. ಕಿವಿಗೆ ಪೆನ್ಸಿಲ್ ಬೇರೆ. ನಮ್ಮ ಕಡೆ ರಿಜಿಸ್ಟರ್ ಹಿಡಿದು ಬಂದವರಿಗೆ ಯಾರೂ ನಿಜವಾದ ಕೀ ಕೊಡಲ್ಲ.”

“ನಮ್ಮ ಕಡೇನೂ,” ಅಂದ ಬೇಕರಿಯವನು.

“ನಮ್ಮ ಕಡೇನೂ,” ಎಂದು ಮೆಟ್ಟಿಲ ಉದ್ದಕ್ಕೂ ಮಾತು ಇಳಿಯಿತು. ಹನ್ನೊಂದು ಕಡೆಯಿಂದ ಬಂದವರು ಹನ್ನೊಂದು ರಿಜಿಸ್ಟರುಗಳನ್ನು ನೆನೆಸಿಕೊಂಡು ಒಬ್ಬರನ್ನೊಬ್ಬರು ನೋಡಿದರು. ಕೋರ್ಟಜ್ಜ ಮಾತ್ರ, ತಾವು ಮೂವತ್ತು ವರ್ಷ ಅಂಥ ರಿಜಿಸ್ಟರು ಬರೆದವರಾದ್ದರಿಂದ, ಸೂರು ನೋಡಿದರು.

“ಹಾಗಾದ್ರೆ ನಿಮ್ಮ ನಿಜವಾದ ಕೀ ಯಾರ ಹತ್ರಾನೂ ಇಲ್ಲ,” ಅಂದ ಭಾವ. ಅವನ ದನಿಯಲ್ಲಿ ಸ್ವಲ್ಪ ಆಸೆ ಉಳಿದಿತ್ತು.

“ಯಾಕಿಲ್ಲ? ನಂದು ಇವನ ಹತ್ರ ಇದೆ.” ದರ್ಜಿ ಅಕ್ಕ ಬ್ಯಾಂಡಿನಣ್ಣನ ಕಡೆ ಗದ್ದ ಎತ್ತಿದಳು.

“ಇವನ ಹತ್ರಾನಾ! ಮೂರು ವರ್ಷದಿಂದ ಮಾತೇ ಇಲ್ವಲ್ಲ?” ಅಂದರು ಸಾಹೇಬರು.

“ಮಾತಿಲ್ಲ. ಅದಕ್ಕೂ ಕೀಗೂ ಏನು ಸಂಬಂಧ? ಊದೋದು ನಿಂತ್ರೆ ಇವನಿಗೇನೋ ಆಗಿದೆ ಅಂತ ನನಗೆ ತಿಳಿಯುತ್ತೆ. ಗುದ್ದೋದು ನಿಂತ್ರೆ ನನಗೇನೋ ಆಗಿದೆ ಅಂತ ಇವನಿಗೆ. ಇನ್ಯಾರಿಗೆ ಕೊಡ್ಲಿ?”

ಅಷ್ಟರಲ್ಲಿ ಒದ್ದೆಯಾದ ಅಜ್ಜಿ ಗಡಗಡ ನಡುಗತೊಡಗಿದರು. “ಹೋಗಿ ಕಂಬಳಿ ತನ್ರೀ,” ಅಂದಳು ಹೆಂಡತಿ. ಸಾಹೇಬರು ಎದ್ದು ಬಾಗಿಲು ತಳ್ಳಿದರು. ಗಲಾಟೆಯಲ್ಲಿ ಯಾವಾಗಲೋ ಗಾಳಿಗೆ ಬಡಿದು ಬೀಗ ಬಿದ್ದಿತ್ತು. ಅವರ ಕೀ ಒಳಗೆ ಅಂಗಿಯ ಜೇಬಿನಲ್ಲಿ, ಅವಳದು ಒಳಗೆ ಮೇಜಿನ ಮೇಲೆ. ಸಾಹೇಬರು ಹನ್ನೊಂದು ಕೀಗಳ ಒಡೆಯರಾಗಿ ತಮ್ಮದೇ ಬಾಗಿಲ ಹೊರಗೆ ನಿಂತರು. ಇಡೀ ಕಟ್ಟಡ ಅದನ್ನು ನೋಡಿತು.

ಅಜ್ಜಿಯೂ ನೋಡಿದರು. ನಡುಗುವ ಕೈಯನ್ನು ಕುತ್ತಿಗೆಯ ಬಳಿ ಒಯ್ದು, ಅಲ್ಲಿದ್ದ ದಾರವನ್ನು ಎಳೆದು ತಲೆಯ ಮೇಲಿಂದ ತೆಗೆದರು. ದಾರದ ತುದಿಯಲ್ಲಿ ಒಂದು ಕೀ. ಕೀಗೆ ಒಂದು ಬಟ್ಟೆಯ ಚೀಟಿ, ಅದರ ಮೇಲೆ ಇರುವೆ ಸಾಲಿನಂಥ ಅಕ್ಷರ. ತುಟಿ ಬಿಗಿಯಾಗಿ ಕಚ್ಚಿಕೊಂಡು ಸಾಹೇಬರ ಕೈಗಿಟ್ಟರು. ಪಾಪ, ಎಷ್ಟು ನೋವೋ ಎಂದುಕೊಂಡರು ಸಾಹೇಬರು. ಬೀಗಕ್ಕೆ ಹಾಕಿ ತಿರುಗಿಸಿದರು. ಬಾಗಿಲು ತೆರೆಯಿತು.

“ಇದನ್ನೂ ನೀನೇ ಕೊಟ್ಟಿದ್ದಾ?” ಎಂದು ಹೆಂಡತಿಯನ್ನು ಪಿಸುದನಿಯಲ್ಲಿ ಕೇಳಿದರು.

“ಮೊದಲು ಕಂಬಳಿ,” ಅಂದಳು ಅವಳು.

ಭಾವ ಆ ಸಂಜೆಯೇ ಹೊರಟ. ಅವನ ಮನೆಯ ಕೀ ಅವನ ಬೀದಿಯಲ್ಲಿ ಯಾರ ಹತ್ತಿರ ಇದೆ ಎಂದು ತಂಗಿ ಕೇಳಿದಳಂತೆ. ಎಲ್ಲಾ ನಮ್ಮೋರೇ ಅಲ್ವಾ, ಅದಕ್ಕೇ ಯಾರಿಗೂ ಕೊಟ್ಟಿಲ್ಲ ಅಂದನಂತೆ.

ಐದು ವಾರದ ಮೇಲೆ ಅಜ್ಜಿಯ ಮಗ ಹಡಗಿನಿಂದ ರಜೆಯಲ್ಲಿ ಬಂದ. ಸಾಹೇಬರು ಗೇಣುದ್ದದ ಕೀ ಮರಳಿಸಲು ಮೇಲೆ ಹೋದರು, ರಿಜಿಸ್ಟರು ಇಲ್ಲದೆ. ಅಜ್ಜಿ ಪ್ಲಾಸ್ಟರು ಹಾಕಿದ ಕಾಲನ್ನು ಚಾಚಿ ಕೂತಿದ್ದರು. ಮಗ ಕೀಯನ್ನು ತಿರುಗಿಸಿ ನೋಡಿದ.

“ಇದು ನಮ್ಮ ಊರಿನ ಮನೇದು. ಆ ಮನೆ ಈಗಿಲ್ಲ. ಬೀದೀನೂ ಇಲ್ಲ. ನೀವು ರಿಜಿಸ್ಟರ್ ಹಿಡ್ಕೊಂಡು ಸರ್ಕಾರದವರ ಹಾಗೆ ಮನೆ ಕೀ ಕೇಳೋಕೆ ಬಂದ್ರಿ, ಇರೋ ಮನೇದು ಕೊಟ್ರೆ ಹೋಗುತ್ತೆ ಅಂತ ಹೋಗಿರೋ ಮನೇದು ಕೊಟ್ಟೆ ಅಂತಾಳೆ ಅಮ್ಮ.”

ಸಾಹೇಬರು ಆ ಕೀಯನ್ನು ಮಗನ ಕೈಯಿಂದ ತೆಗೆದುಕೊಂಡು ಎರಡೂ ಕೈಯಲ್ಲಿ ಅಜ್ಜಿಗೆ ಒಪ್ಪಿಸಿದರು. ಜೇಬಿನಿಂದ ಇನ್ನೊಂದು ಕೀ ತೆಗೆದರು, ಬಟ್ಟೆಯ ಚೀಟಿ ಕಟ್ಟಿದ್ದು. ಐದು ವಾರ ಅವರು ಆ ಚೀಟಿಯನ್ನು ಕಚೇರಿಗೂ ಒಯ್ದು, ಕಂಡಕಂಡ ಪ್ರಯಾಣಿಕರಿಗೆಲ್ಲ ತೋರಿಸಿದ್ದರು. ಓದುವವರು ಒಬ್ಬರೂ ಸಿಕ್ಕಿರಲಿಲ್ಲ.

“ಇದರಲ್ಲಿ ಏನು ಬರೆದಿದೆ, ಸ್ವಲ್ಪ ಹೇಳಪ್ಪ.”

ಮಗ ಓದಿದ. ತಾಯಿಯನ್ನು ನೋಡಿದ. ಸಾಹೇಬರನ್ನು ನೋಡಿದ. “ಏನಿಲ್ಲ. ಮನೆ ಗುರುತು, ಅಷ್ಟೆ.”

“ಪೂರ್ತಿ ಓದು, ಪರವಾಗಿಲ್ಲ. ಚೀಟಿ ಬರೆಯೋದೇ ನನ್ನ ಕೆಲಸ.”

“‘ಕೆಳಗಿನ ಮನೆ. ನಡುವಿನ ಬಾಗಿಲು. ಇಬ್ಬರಿದ್ದಾರೆ. ಅವಳು ಗಟ್ಟಿ.’” ಮಗ ಗಂಟಲು ಸರಿಮಾಡಿಕೊಂಡ. “‘ಒಂದು ದಿನ ಅವನು ಬಾಗಿಲ ಹೊರಗೆ ಸಿಕ್ಕಿಹಾಕಿಕೊಳ್ಳುತ್ತಾನೆ. ನಗದೆ ಕೊಡಬೇಕು.’”

ಸಾಹೇಬರು ಅಜ್ಜಿಯ ಕಡೆ ತಿರುಗಿದರು. ಅಜ್ಜಿ ಅಂದಿನ ಹಾಗೆಯೇ ತುಟಿ ಬಿಗಿಯಾಗಿ ಕಚ್ಚಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು. ಭುಜ ಮಾತ್ರ ಕುಲುಕುತ್ತಿತ್ತು.

ಸಾಹೇಬರು ಚೀಟಿಯನ್ನು ಬೆಳಕಿಗೆ ಹಿಡಿದರು. ವಸ್ತು, ಸ್ಥಳ, ಸ್ಥಿತಿ, ವಾರಸುದಾರ. ಹದಿನಾಲ್ಕು ವರ್ಷದ ನೌಕರಿಯಲ್ಲಿ ಒಂದು ಸಾಲೂ ಖಾಲಿ ಬಿಡದೆ ತುಂಬಿದ ಚೀಟಿಯನ್ನು ಅವರು ನೋಡಿದ್ದು ಅದೇ ಮೊದಲು.

ಅಜ್ಜಿ ಕೈ ಚಾಚಿದರು. ಸಾಹೇಬರು ಕೀಯನ್ನು ಆ ಕೈಯಲ್ಲಿಟ್ಟರು. ಸಹಿ ಹಾಕಿಸಿಕೊಳ್ಳಲಿಲ್ಲ.